ಅಬ್ಲೇಶನ್ ಆದ ಮೇಲೆ ಎದೆಬಡಿತ ಮತ್ತೆ ತಾಳ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ 58 ವರ್ಷ. ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟವಿದೆ. ಎಂಟು ವರ್ಷಗಳಿಂದ ಬಿ.ಪಿ. ಇದೆ, ತೂಕ 86 ಕೆ.ಜಿ. ಎರಡು ವರ್ಷಗಳಿಂದ ಆಗಾಗ ಎದೆ ಡವಗುಟ್ಟಲು ಶುರುವಾಗಿ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ನಡುಗುವ ಅಡ್ಡಬಡಿತ, ಎಂದು ಹೇಳಿದರು. ಐದು ವಾರಗಳ ಹಿಂದೆ ಬೆಂಗಳೂರಿನಲ್ಲಿ ಅಬ್ಲೇಶನ್ ಮಾಡಿಸಿಕೊಂಡೆ. ಆಮೇಲೆ ಚೆನ್ನಾಗಿಯೇ ಇದ್ದೆ. ಕಳೆದ ವಾರ ಎರಡು ರಾತ್ರಿ ಮತ್ತೆ ಅದೇ ಬಡಿತ ಕಾಣಿಸಿಕೊಂಡಿತು, ಒಮ್ಮೆ ನಲವತ್ತು ನಿಮಿಷ ಇತ್ತು. ಚಿಕಿತ್ಸೆ ವಿಫಲವಾಯಿತೇ? ಮತ್ತೆ ಬಾರದಂತೆ ನಾನು ಏನು ಮಾಡಬೇಕು? ಕಾಫಿ ಬಿಡಿ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬಹುದು?

ಉತ್ತರ: ಚಿಕಿತ್ಸೆ ವಿಫಲವಾಯಿತೆಂದು ಈಗಲೇ ತೀರ್ಮಾನಿಸಬೇಕಾಗಿಲ್ಲ. ಅಬ್ಲೇಶನ್ ಎಂದರೆ ಹೃದಯದ ಎಡ ಮೇಲ್ಕೋಣೆಯ, ಅಂದರೆ ಎಡ ಹೃತ್ಕರ್ಣದ, ಗೋಡೆಯ ಮೇಲೆ ಬೇಕೆಂದೇ ಮಾಡಿದ ಗಾಯ. ಕಾಯಿಸಿ ಮಾಡಿದ್ದಿರಲಿ, ಮಂಜುಗಟ್ಟುವಷ್ಟು ತಣ್ಣಗಾಗಿಸಿ ಮಾಡಿದ್ದಿರಲಿ, ಈಚೆಗೆ ಬಂದಿರುವ ವಿದ್ಯುತ್ ಮಿಡಿತದ ವಿಧಾನದಿಂದ ಮಾಡಿದ್ದಿರಲಿ, ಆ ಗಾಯ ಮಾಗಿ ಗಟ್ಟಿ ಕಲೆಯಾಗಿ ನಿಲ್ಲಲು ಕೆಲವು ವಾರಗಳು ಬೇಕು. ಅಷ್ಟರವರೆಗೆ ಸುತ್ತಲಿನ ಸ್ನಾಯು ಊದಿಕೊಂಡು ಕೆರಳಿದ ಸ್ಥಿತಿಯಲ್ಲಿರುವುದರಿಂದ, ರೋಗ ಉಳಿದಿಲ್ಲದಿದ್ದರೂ ಬಡಿತ ಒಮ್ಮೊಮ್ಮೆ ತಾಳ ತಪ್ಪುತ್ತದೆ. ಈ ಕಾರಣದಿಂದಲೇ ಮೊದಲ ಕೆಲವು ವಾರಗಳ ಏರುಪೇರನ್ನು ಸೋಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೆ ಈ ಅವಧಿಯನ್ನು ಮೂರು ತಿಂಗಳು ಎಂದು ಎಣಿಸುತ್ತಿದ್ದರು. 2024ರಲ್ಲಿ ಹೃದಯದ ಲಯ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಒಟ್ಟಾಗಿ ಹೊರಡಿಸಿದ ಸಹಮತದ ದಾಖಲೆಯಲ್ಲಿ ಅದನ್ನು ಎಂಟು ವಾರಕ್ಕೆ ಇಳಿಸಿದರು. ನೀವು ಇನ್ನೂ ಐದನೆಯ ವಾರದಲ್ಲಿದ್ದೀರಿ.

ಹಾಗೆಂದು ಸುಮ್ಮನಿರಬೇಡಿ. ಎರಡನೆಯ ತಿಂಗಳಿನಲ್ಲಿ ಕಾಣಿಸಿಕೊಳ್ಳುವ ಬಡಿತಕ್ಕೆ ಮೊದಲ ವಾರದ ಬಡಿತಕ್ಕಿಂತ ಹೆಚ್ಚು ತೂಕವಿದೆ. ಅಬ್ಲೇಶನ್ ಮಾಡಿದ ವೈದ್ಯರಿಗೆ ಎರಡೂ ರಾತ್ರಿಗಳ ತಾರೀಖು, ಹೊತ್ತು, ಎಷ್ಟು ನಿಮಿಷ ಇತ್ತು ಎಂಬುದನ್ನು ಬರೆದು ತಿಳಿಸಿ. ಅವರು ಕೆಲವು ವಾರಗಳ ಮಟ್ಟಿಗೆ ಲಯದ ಮಾತ್ರೆಯೊಂದನ್ನು ಕೊಡಬಹುದು. ಅಂಥ ಮಾತ್ರೆಯಿಂದ ಈ ಹೊತ್ತಿನ ಕೆರಳುವಿಕೆ ತಗ್ಗುತ್ತದೆ, ಆಸ್ಪತ್ರೆಗೆ ಓಡುವ ಪ್ರಸಂಗ ಕಡಿಮೆಯಾಗುತ್ತದೆ; ಆದರೆ ಆರು ತಿಂಗಳ ಮೇಲೆ ರೋಗ ಮರಳುವುದೋ ಇಲ್ಲವೋ ಎಂಬುದನ್ನು ಅದು ಬದಲಾಯಿಸುವುದಿಲ್ಲ. ಅಮಿಯೋಡರೋನ್ ಎಂಬ ಅಂಥದೊಂದು ಮಾತ್ರೆಯನ್ನು ಎಂಟು ವಾರ ಕೊಟ್ಟು ನೋಡಿದ ಡೆನ್ಮಾರ್ಕಿನ ಅಧ್ಯಯನದಲ್ಲಿ ಕಂಡದ್ದೂ ಇದೇ. ಅಂದರೆ ಮುಂದಿನ ಫಲ ಮಾತ್ರೆಗಿಂತ ಹೆಚ್ಚಾಗಿ ಬೇರೆ ಸಂಗತಿಗಳ ಮೇಲೆ ನಿಂತಿದೆ, ಅವುಗಳಲ್ಲಿ ಹೆಚ್ಚಿನವು ನಿಮ್ಮ ಮನೆಯಲ್ಲಿಯೇ ಇವೆ.

ಒಂದು ಗೊಂದಲವನ್ನು ಇಲ್ಲಿಯೇ ತೆಗೆದುಬಿಡುವುದು ಒಳ್ಳೆಯದು. 2025ರ ಜೂನ್‌, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದ ಮೇಲೆ, ಎದೆಯಲ್ಲಿ ಏನೇ ಆದರೂ ‘ಅಟ್ಯಾಕ್’ ಎಂದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಹೃದಯಾಘಾತ ರಕ್ತನಾಳ ಕಟ್ಟಿಕೊಳ್ಳುವುದರಿಂದ ಆಗುವಂಥದು. ನಿಮಗಿರುವುದು ಹೃದಯದ ವಿದ್ಯುತ್ ವ್ಯವಸ್ಥೆಯ ತೊಂದರೆ. ಎರಡನ್ನೂ ಹದಗೆಡಿಸುವ ಬಿ.ಪಿ., ಸಕ್ಕರೆ, ತೂಕ, ಹೊಗೆಸೊಪ್ಪು ಒಂದೇ ಆದರೂ ಕಾಯಿಲೆಗಳು ಬೇರೆ ಬೇರೆ.

ಈಗ ಅಬ್ಲೇಶನ್ ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ನೋಡೋಣ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು, ಈ ಅಡ್ಡಬಡಿತವನ್ನು ಹೊತ್ತಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳ ಬಾಯಿಯಿಂದ ಹೊರಡುತ್ತವೆ ಎಂದು ತೋರಿಸಿಕೊಟ್ಟರು. ಅಂದಿನಿಂದ ಅಬ್ಲೇಶನ್ನಿನ ಮುಖ್ಯ ಕೆಲಸ ಆ ನಾಳಗಳ ಬಾಯಿಯ ಸುತ್ತ ಕಲೆಯ ಬೇಲಿ ಹಾಕುವುದು. ಬೇಲಿಯಲ್ಲಿ ಎಲ್ಲಾದರೂ ಒಂದು ಸಂದು ಉಳಿದರೆ ಕಿಡಿ ಮತ್ತೆ ಒಳಕ್ಕೆ ದಾಟುತ್ತದೆ. ಅದು ವೈದ್ಯರ ಕೈಗೆ ಸಂಬಂಧಿಸಿದ್ದು, ಎರಡನೆಯ ಸಲ ಅದನ್ನು ಮುಚ್ಚಬಹುದು. ಮರಳುವುದಕ್ಕೆ ಇನ್ನೊಂದು ಕಾರಣ ಹೃತ್ಕರ್ಣದ ಸ್ನಾಯುವೇ ಕೆಟ್ಟಿರುವುದು. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿ ಹಿಗ್ಗಿ, ಸುತ್ತ ಕೊಬ್ಬು ಕೂಡಿಕೊಂಡು, ನಾರುಕಟ್ಟಿದ ಹೃತ್ಕರ್ಣ ತನ್ನಷ್ಟಕ್ಕೆ ತಾನೇ ಹೊಸ ಕಿಡಿಗಳನ್ನು ಹುಟ್ಟಿಸತೊಡಗುತ್ತದೆ. ನೀವು ಬೆಳೆಗಾರರಾದ್ದರಿಂದ ಹೇಳುತ್ತೇನೆ: ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಟ್ಟರಷ್ಟೇ ಸಾಲದು, ಮೇಲೆ ನೆರಳು ತೆಳುವಾಗಿದ್ದರೆ ಪಕ್ಕದ ಗಿಡಕ್ಕೆ ಹುಳು ಬಂದೇ ಬರುತ್ತದೆ. ಅಬ್ಲೇಶನ್ ಗಿಡ ಕಿತ್ತ ಕೆಲಸ. ನೆರಳನ್ನು ಸರಿಪಡಿಸುವುದು ಬಾಕಿಯಿದೆ.

ಇದು ಬರಿಯ ಬುದ್ಧಿಮಾತಲ್ಲ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಅಬ್ಲೇಶನ್ ಮಾಡಿಸಿಕೊಂಡ 149 ಜನರನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿ.ಪಿ., ತೂಕ, ಸಕ್ಕರೆ, ನಿದ್ರೆಯ ಉಸಿರಾಟ, ಮದ್ಯ, ಧೂಮಪಾನ ಇಷ್ಟನ್ನೂ ಬಿಗಿಯಾಗಿ ಹತೋಟಿಗೆ ತಂದುಕೊಂಡ ಗುಂಪಿನಲ್ಲಿ, ಅಗತ್ಯವಿದ್ದವರಿಗೆ ಮರು ಅಬ್ಲೇಶನ್ ಆದದ್ದನ್ನೂ ಸೇರಿಸಿ, ಕೊನೆಗೆ ನೂರಕ್ಕೆ 87 ಜನ ಲಯ ತಪ್ಪದೆ ಉಳಿದರು. ಎಂದಿನಂತೆ ಮಾಮೂಲು ಸಲಹೆ ಪಡೆದ ಗುಂಪಿನಲ್ಲಿ ಉಳಿದವರು ನೂರಕ್ಕೆ 18. ಯಾವ ಗುಂಪಿಗೆ ಸೇರುವುದೆಂಬ ಆಯ್ಕೆಯನ್ನು ರೋಗಿಗಳಿಗೇ ಬಿಟ್ಟಿದ್ದರಿಂದ, ಮೊದಲಿನಿಂದಲೂ ಛಲವಿದ್ದವರೇ ಮೊದಲ ಗುಂಪಿಗೆ ಸೇರಿರಬಹುದು ಎಂಬ ಆಕ್ಷೇಪಣೆಗೆ ಇಲ್ಲಿ ಜಾಗವಿದೆ. ಆ ರಿಯಾಯಿತಿಯನ್ನು ಕಳೆದರೂ ಉಳಿಯುವ ಅಂತರ ಸಣ್ಣದಲ್ಲ.

ನಿಮ್ಮ ವಿಚಾರದಲ್ಲಿ ಮೊದಲು ಬರುವುದು ಬಿ.ಪಿ. ಎಂಟು ವರ್ಷದಿಂದ ಇದೆ ಎಂದು ಬರೆದಿದ್ದೀರಿ, ಈಗ ಎಷ್ಟಿದೆ ಎಂದು ಬರೆದಿಲ್ಲ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹೀಗೆಯೇ. ಮಾತ್ರೆ ನುಂಗುವುದನ್ನೇ ಬಿ.ಪಿ. ಹತೋಟಿಯಲ್ಲಿರುವುದು ಎಂದುಕೊಂಡಿರುತ್ತಾರೆ. ಮೇಲಿನ ಅಂಕಿ 130ಕ್ಕಿಂತ ಕೆಳಗೆ, ಕೆಳಗಿನದು 80ಕ್ಕಿಂತ ಕೆಳಗೆ ಇರಬೇಕು. ತೋಳಿಗೆ ಸುತ್ತುವ ಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡು, ಬೆಳಿಗ್ಗೆ ಮಾತ್ರೆಗೆ ಮೊದಲು, ಐದು ನಿಮಿಷ ಒರಗಿ ಕುಳಿತ ಮೇಲೆ, ಮಾತನಾಡದೆ ಅಳೆಯಿರಿ. ಬಡಿತ ತಾಳ ತಪ್ಪಿರುವಾಗ ಯಂತ್ರದ ಅಂಕಿ ಒಂದೊಂದು ಸಲ ಒಂದೊಂದು ಬರುತ್ತದೆ. ಆಗ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಉಪ್ಪಿನ ಮಿತಿ ದಿನಕ್ಕೆ ಒಟ್ಟು ಐದು ಗ್ರಾಮಿನೊಳಗೆ, ಸುಮಾರು ಒಂದು ಟೀ ಚಮಚ ಎಂದುಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಸಾರಿಗೆ ಹಾಕುವ ಉಪ್ಪಿಗಿಂತ ದೊಡ್ಡ ಸಮಸ್ಯೆ ಭರಣಿಯದು. ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಜ್ಜಿಗೆ ಮೆಣಸು, ಹಪ್ಪಳ ಇವೆಲ್ಲ ಮಳೆಗಾಲದಲ್ಲಿ ತರಕಾರಿ ಸಿಗದ ಕಾಲಕ್ಕೆಂದು ಮಾಡಿಟ್ಟದ್ದು. ಈಗ ವಾರದ ಸಂತೆಯಿಂದ ತರಕಾರಿ ಬರುತ್ತಿದ್ದರೂ ಭರಣಿ ಮೇಜಿನ ಮೇಲಿಂದ ಇಳಿದಿಲ್ಲ. ಅದನ್ನು ಹಬ್ಬದೂಟಕ್ಕೆ ಇಟ್ಟುಕೊಳ್ಳಿ.

ಎರಡನೆಯದು ತೂಕ. 86 ಕೆ.ಜಿ.ಯಲ್ಲಿ ನೂರಕ್ಕೆ ಹತ್ತು ಎಂದರೆ ಎಂಟೂವರೆ ಕೆ.ಜಿ. ನಿಮ್ಮ ಎತ್ತರ ತಿಳಿಸಿಲ್ಲ, ಆದರೂ ಹೆಚ್ಚಿನ ಗಂಡಸರಿಗೆ ಈ ತೂಕ ಹೆಚ್ಚೇ. ಅಡಿಲೇಡಿನ ಅದೇ ತಂಡ 355 ಜನರನ್ನು ಐದು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಶೇಕಡ ಹತ್ತು ಅಥವಾ ಹೆಚ್ಚು ತೂಕ ಇಳಿಸಿ ಕಾಪಾಡಿಕೊಂಡವರು ಲಯ ತಪ್ಪದೆ ಉಳಿಯುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು. ಇಳಿಸಿ ಮತ್ತೆ ಏರಿಸಿ ಉಯ್ಯಾಲೆಯಾಡಿದವರಿಗೆ ಈ ಲಾಭದ ಒಂದಷ್ಟು ಭಾಗ ಕೈತಪ್ಪಿತು. ಆದ್ದರಿಂದ ಎರಡು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸುವ ಯಾವ ಸಾಹಸವೂ ಬೇಡ. ತಿಂಗಳಿಗೆ ಒಂದು ಕೆ.ಜಿ.ಯಂತೆ ವರ್ಷದೊಳಗೆ ಗುರಿ ಮುಟ್ಟಿದರೆ ಸಾಕು. ನೀವು ಬೆಳಿಗ್ಗೆ ಐದು ಅಕ್ಕಿರೊಟ್ಟಿ ತಿನ್ನುವವರಾದರೆ ಮೂರಕ್ಕೆ ಇಳಿಸಿ ಪಲ್ಯವನ್ನು ಹೆಚ್ಚಿಸಿಕೊಳ್ಳಿ. ಕಡುಬಿಗೂ ಅದೇ ಲೆಕ್ಕ. ತೋಟದಲ್ಲಿ ಓಡಾಡುತ್ತೇನಲ್ಲ ಎಂದು ಅನೇಕರು ಹೇಳುತ್ತಾರೆ. ಜೀಪಿನಲ್ಲಿ ಹೋಗಿ, ಇಳಿದು, ರೈಟರ ಹತ್ತಿರ ಮಾತನಾಡಿ, ಕಣದ ಹತ್ತಿರ ನಿಂತು ಬರುವುದು ಓಡಾಟವೇ ಹೊರತು ವ್ಯಾಯಾಮವಲ್ಲ. ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನಲ್ಲಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆಯಿರಿ. ಅಬ್ಲೇಶನ್ನಿನ ಕೊಳವೆ ತೂರಿಸಿದ ತೊಡೆಯ ಸಂದಿನ ರಂಧ್ರ ಐದು ವಾರಗಳಲ್ಲಿ ಮಾಗಿರುತ್ತದೆ, ಅಲ್ಲಿ ಗಂಟು ಅಥವಾ ನೋವು ಇಲ್ಲದಿದ್ದರೆ ನಡಿಗೆಗೆ ಅಡ್ಡಿಯಿಲ್ಲ. ಯೋಗ ಮಾಡುವ ರೂಢಿಯಿದ್ದರೆ ಮುಂದುವರಿಸಿ. ಅಮೆರಿಕದ ಕ್ಯಾನ್ಸಾಸಿನಲ್ಲಿ ಈ ಕಾಯಿಲೆಯಿದ್ದ 49 ಜನರಿಗೆ ಮೂರು ತಿಂಗಳು ಯೋಗ ಮಾಡಿಸಿದಾಗ ಅಡ್ಡಬಡಿತದ ಪ್ರಸಂಗಗಳು ಕಡಿಮೆಯಾದವೆಂದು 2013ರಲ್ಲಿ ವರದಿಯಾಗಿದೆ. ಅಧ್ಯಯನ ಚಿಕ್ಕದು, ಆದರೆ ಕೆಡುಕೇನಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಮಾತೆಂದರೆ, ಎರಡು ಸಲವೂ ಬಡಿತ ಬಂದದ್ದು ರಾತ್ರಿ. ನಿಮಗೆ ಗೊರಕೆ ಇದೆಯೇ? ಗೊರಕೆಯ ನಡುವೆ ಉಸಿರು ನಿಂತಂತಾಗಿ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತೀರಾ? ಬೆಳಿಗ್ಗೆ ಎದ್ದಾಗ ಬಾಯಿ ಒಣಗಿ ತಲೆ ಭಾರವಾಗಿರುತ್ತದೆಯೇ, ಮಧ್ಯಾಹ್ನ ಪೇಪರ್ ಓದುತ್ತಲೇ ಕಣ್ಣು ಮುಚ್ಚುತ್ತವೆಯೇ? ನಿದ್ರೆಯಲ್ಲಿ ಗಂಟಲು ಕುಸಿದು ಉಸಿರು ಕಟ್ಟುವ ಈ ತೊಂದರೆಯನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಪ್ರತಿಸಲ ಉಸಿರು ಕಟ್ಟಿದಾಗಲೂ ರಕ್ತದ ಆಮ್ಲಜನಕ ಇಳಿದು, ಎದೆಯೊಳಗಿನ ಒತ್ತಡ ತೀವ್ರವಾಗಿ ಬದಲಾಗಿ, ತೆಳು ಗೋಡೆಯ ಹೃತ್ಕರ್ಣ ಜಗ್ಗುತ್ತದೆ. ಒಂದು ರಾತ್ರಿಯಲ್ಲಿ ಇದು ನೂರಾರು ಸಲ ಆಗಬಹುದು. ಅಂಥ ಹೃತ್ಕರ್ಣದ ಮೇಲೆ ಎಷ್ಟು ಅಚ್ಚುಕಟ್ಟಾದ ಅಬ್ಲೇಶನ್ ಮಾಡಿದರೂ ಬಾಳಿಕೆ ಕಡಿಮೆ. ಬಿ.ಪಿ. ಮಾತ್ರೆಗೆ ಸರಿಯಾಗಿ ಬಗ್ಗದಿರುವುದಕ್ಕೂ ಇದೇ ಕಾರಣವಾಗಿರುವುದುಂಟು. ಪರೀಕ್ಷೆ ಕಷ್ಟದ್ದಲ್ಲ, ಬೆರಳಿಗೂ ಮೂಗಿಗೂ ಎದೆಗೂ ಸಣ್ಣ ಉಪಕರಣ ಕಟ್ಟಿಕೊಂಡು ನಿಮ್ಮ ಮನೆಯಲ್ಲಿಯೇ ಒಂದು ರಾತ್ರಿ ಮಲಗಿದರೆ ಆಯಿತು. ತೊಂದರೆ ಇದ್ದರೆ ಗಾಳಿಯ ಒತ್ತಡ ಕೊಡುವ ಸಿ-ಪ್ಯಾಪ್ ಯಂತ್ರ ಬೇಕಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಅದಕ್ಕೆ ಒಳ್ಳೆಯ ಬ್ಯಾಟರಿಯ ಏರ್ಪಾಟನ್ನೂ ಮೊದಲೇ ಮಾಡಿಕೊಳ್ಳಬೇಕು. ಅದಿಲ್ಲದೆ ಕೊಂಡ ಯಂತ್ರ ಜೂನ್ ತಿಂಗಳಿನಲ್ಲಿ ಅಟ್ಟ ಸೇರುವುದನ್ನು ನೋಡಿದ್ದೇನೆ.

ಮದ್ಯದ ವಿಚಾರವನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಓದಿ. ತೋಟದ ಊರುಗಳಲ್ಲಿ ಸಂಜೆ ಎರಡು ಪೆಗ್ಗನ್ನು ಕುಡಿತವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೃತ್ಕರ್ಣ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ನಿಯಮಿತವಾಗಿ ಕುಡಿಯುತ್ತಿದ್ದ, ಈ ಕಾಯಿಲೆಯಿದ್ದ 140 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕುಡಿತ ಬಿಡಿಸಿ ಆರು ತಿಂಗಳು ನೋಡಿದರು. ಬಿಟ್ಟವರಲ್ಲಿ ನೂರಕ್ಕೆ 53 ಜನರಿಗೆ ಲಯ ಮತ್ತೆ ತಪ್ಪಿತು, ಬಿಡದವರಲ್ಲಿ ನೂರಕ್ಕೆ 73 ಜನರಿಗೆ. 2020ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಲದ ಮೇಲೆ ನಾನು ಅಬ್ಲೇಶನ್ ಆದವರಿಗೆ ಪೂರ್ತಿ ಬಿಡಿ ಎಂದೇ ಹೇಳುತ್ತೇನೆ. ಮದುವೆಮನೆಯಲ್ಲೋ ಕ್ಲಬ್ಬಿನಲ್ಲೋ ಒಂದೇ ರಾತ್ರಿ ಹೆಚ್ಚು ಕುಡಿದು, ಮರುದಿನ ಅಡ್ಡಬಡಿತದೊಂದಿಗೆ ಬರುವವರು ಹಬ್ಬದ ಮರುದಿನಗಳಲ್ಲಿ ಇದ್ದೇ ಇರುತ್ತಾರೆ.

ಕಾಫಿಗೆ ಬರೋಣ. ನಿಮ್ಮ ಮನೆಯವರ ಭಯ ವೈದ್ಯರಿಂದಲೇ ಹಬ್ಬಿದ್ದು. ನಾವೂ ಬಹುಕಾಲ ಕಾಫಿ ಬಿಡಿ ಎಂದೇ ಹೇಳುತ್ತಿದ್ದೆವು, ಕೈಯಲ್ಲಿ ಆಧಾರ ಮಾತ್ರ ಇರಲಿಲ್ಲ. 2025ರ ನವೆಂಬರಿನಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇದೇ ಕಾಯಿಲೆಗೆ ವಿದ್ಯುತ್ ಆಘಾತ ಕೊಟ್ಟು ಲಯ ಸರಿಪಡಿಸಿಕೊಂಡ 200 ಜನ ಕಾಫಿ ಕುಡಿಯುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಕನಿಷ್ಠ ಒಂದು ಕಪ್ ಕುಡಿಯಲು, ಇನ್ನೊಂದಕ್ಕೆ ಕಾಫಿಯನ್ನೂ ಕೆಫೀನಿರುವ ಬೇರೆಲ್ಲವನ್ನೂ ಬಿಡಲು ಹೇಳಿದರು. ಆರು ತಿಂಗಳಲ್ಲಿ ಕಾಫಿ ಕುಡಿದವರಲ್ಲಿ ನೂರಕ್ಕೆ 47, ಬಿಟ್ಟವರಲ್ಲಿ ನೂರಕ್ಕೆ 64 ಜನರಿಗೆ ಕಾಯಿಲೆ ಮರಳಿತು. ಕಾಫಿ ಔಷಧಿಯೆಂದು ಇದರಿಂದ ಹೇಳಲು ಬಾರದು. ಅದು ಅಬ್ಲೇಶನ್ ಆದವರಿಗೆಂದೇ ಮಾಡಿದ ಪ್ರಯೋಗವೂ ಅಲ್ಲ. ಆದರೆ ದಿನಕ್ಕೆ ಒಂದೆರಡು ಲೋಟ ಕಾಫಿಯಿಂದ ಈ ಕಾಯಿಲೆ ಮರಳುತ್ತದೆ ಎನ್ನುವ ಮಾತಿಗೆ ಇನ್ನು ನೆಲೆಯಿಲ್ಲ. ನಿಮ್ಮ ತೋಟದ ಕಾಫಿಯನ್ನು ನೀವು ಬೆಳಿಗ್ಗೆಯೂ ಮಧ್ಯಾಹ್ನವೂ ನೆಮ್ಮದಿಯಿಂದ ಕುಡಿಯಿರಿ. ಹಾಲು ಸಕ್ಕರೆ ತುಂಬಿದ ಆರು ಲೋಟವಾದರೆ ತೂಕದ ಲೆಕ್ಕ ಕೆಡುತ್ತದೆ, ಸಂಜೆ ಆರರ ಮೇಲೆ ಕುಡಿದರೆ ನಿದ್ರೆ ಕೆಡುತ್ತದೆ, ಆಕ್ಷೇಪಣೆ ಅಷ್ಟೇ. ಕೆಲವರಿಗೆ ಮಾತ್ರ ಕಾಫಿ ಕುಡಿದ ಅರ್ಧ ಗಂಟೆಯಲ್ಲಿ ಬಡಿತ ಶುರುವಾಗುವುದು ಮತ್ತೆ ಮತ್ತೆ ಅನುಭವಕ್ಕೆ ಬಂದಿರುತ್ತದೆ. ಅಂಥವರು ಅಧ್ಯಯನಕ್ಕಿಂತ ತಮ್ಮ ಎದೆಯನ್ನೇ ನಂಬುವುದು ಸರಿ. ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕುಗಳಿಗೆ ಈ ರಿಯಾಯಿತಿ ಇಲ್ಲ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿಯಿದ್ದರೆ ಅದನ್ನು ಇಂದೇ ಬಿಡಬೇಕು.

ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆ ನೀವು ಕೇಳಿರುವುದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಅಡ್ಡಬಡಿತದಲ್ಲಿ ಹೃತ್ಕರ್ಣ ಹಿಂಡುವುದನ್ನು ಬಿಟ್ಟು ಬರಿದೇ ನಡುಗುವುದರಿಂದ ರಕ್ತ ಅಲ್ಲಿ ಮಡುಗಟ್ಟಿ ಹೆಪ್ಪಾಗುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅಬ್ಲೇಶನ್ ಆದ ಮೊದಲ ವಾರಗಳಲ್ಲಿ ಒಳಗೋಡೆ ಹಸಿಗಾಯವಾಗಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಯುರೋಪಿನ 2024ರ ಮಾರ್ಗಸೂಚಿ ಕನಿಷ್ಠ ಎರಡು ತಿಂಗಳು, ಅಮೆರಿಕದ 2023ರ ಮಾರ್ಗಸೂಚಿ ಕನಿಷ್ಠ ಮೂರು ತಿಂಗಳು ಈ ಮಾತ್ರೆಯನ್ನು ಎಲ್ಲರಿಗೂ ಹೇಳುತ್ತವೆ. ಆಮೇಲೆ ಮುಂದುವರಿಸುವುದೋ ಬಿಡುವುದೋ ಎಂಬುದು ಬಡಿತ ಸರಿಯಾಯಿತೇ ಎಂಬುದರ ಮೇಲಲ್ಲ, ಲಕ್ವದ ಅಪಾಯದ ಅಂಕದ ಮೇಲೆ ನಿಂತಿದೆ: ಬಿ.ಪಿ.ಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ಹೃದಯ ದುರ್ಬಲವಾಗಿದ್ದರೆ ಒಂದು, ರಕ್ತನಾಳದ ಕಾಯಿಲೆಗೆ ಒಂದು, 65 ದಾಟಿದರೆ ಒಂದು, 75 ದಾಟಿದರೆ ಅಥವಾ ಹಿಂದೆ ಲಕ್ವ ಹೊಡೆದಿದ್ದರೆ ಎರಡು. ನೀವು ಬರೆದಿರುವಷ್ಟರಿಂದ ನಿಮ್ಮ ಅಂಕ ಒಂದು. ಎರಡು ಅಥವಾ ಹೆಚ್ಚಿದ್ದರೆ ಮುಂದುವರಿಸಿ ಎಂದು ನೇರವಾಗಿ ಹೇಳಬಹುದಿತ್ತು. ಒಂದು ಎಂಬುದು ವೈದ್ಯರೊಂದಿಗೆ ಕುಳಿತು ಮಾತಾಡಿಯೇ ನಿರ್ಧರಿಸಬೇಕಾದ ಅಂಕ. ಅದಕ್ಕೆ ಮೊದಲು ಹಿಂದಿನ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯನ್ನು ಮಾಡಿಸಿ, ಏಕೆಂದರೆ ತಿಳಿಯದೆ ಇರುವ ಸಕ್ಕರೆ ಕಾಯಿಲೆ ಆ ಅಂಕವನ್ನು ಎರಡು ಮಾಡಿಬಿಡುತ್ತದೆ. 2025ರಲ್ಲಿ ಕೊರಿಯಾದಿಂದ ಬಂದ 840 ಜನರ ಪ್ರಯೋಗವೊಂದು, ಅಬ್ಲೇಶನ್ ಆಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಲಯ ತಪ್ಪದೆ ಇದ್ದವರಲ್ಲಿ ಮಾತ್ರೆ ನಿಲ್ಲಿಸಿದ್ದರಿಂದ ಕೆಡುಕಾಗಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು ಎಂದು ತೋರಿಸಿದೆ. ಒಂದು ವರ್ಷ ಎಂಬ ಮಾತನ್ನು ಗಮನಿಸಿ. ಐದನೆಯ ವಾರದಲ್ಲಿ, ಅದೂ ಬಡಿತ ಮತ್ತೆ ಕಾಣಿಸಿಕೊಂಡಿರುವಾಗ, ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬಾರದು. ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವವರ ಲೆಕ್ಕ ಬೇರೆ. ಅವರಿಗೆ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ನೇ ಸರಿ, ಅದೂ ಜೀವನಪರ್ಯಂತ.

ಮಾತ್ರೆ ತಪ್ಪಿಹೋಗುವುದು ಹೇಗೆಂಬುದನ್ನು ನಮ್ಮ ಕಡೆಯ ಒಂದು ಪ್ರಸಂಗದಿಂದಲೇ ಹೇಳಬಹುದು. ಜುಲೈ ತಿಂಗಳಲ್ಲಿ ತೋಟಕ್ಕೆ ಹೋದ ಒಬ್ಬರ ಕಾಲಿಗೆ ಇಂಬಳ ಹತ್ತಿತು. ಇಂಬಳದ ಜೊಲ್ಲಿನಲ್ಲಿಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುತ್ತದೆ. ಅದರ ಮೇಲೆ ಇವರ ಮಾತ್ರೆ. ಕಚ್ಚಿದ ಜಾಗದಿಂದ ರಕ್ತ ಸಂಜೆಯವರೆಗೂ ಜಿನುಗಿ ಕಾಲುಚೀಲವೆಲ್ಲ ನೆನೆದುಹೋಯಿತು. ಹೆದರಿದ ಮನೆಯವರು ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು, ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ಅವರ ಅದೃಷ್ಟ, ಏನೂ ಆಗಲಿಲ್ಲ. ಇಂಬಳ ಕಚ್ಚಿದರೆ ತೊಳೆದು, ಮಡಿಸಿದ ಒಣ ಬಟ್ಟೆಯನ್ನು ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಆಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ. ಉದ್ದನೆಯ ಕಾಲುಚೀಲವಿದ್ದರೆ ಇಷ್ಟೂ ಬೇಕಾಗುವುದಿಲ್ಲ. ಮಾತ್ರೆ ನಿಲ್ಲಿಸುವಂಥ ರಕ್ತಸ್ರಾವ ಎಂದರೆ ಕಪ್ಪಗೆ ಟಾರಿನಂತೆ ಮಲ ಹೋಗುವುದು, ಮೂತ್ರದಲ್ಲಿ ರಕ್ತ, ತಲೆಗೆ ಪೆಟ್ಟು ಬೀಳುವುದು ಇಂಥವು. ಅಂಥಲ್ಲಿಯೂ ಸೀದಾ ಆಸ್ಪತ್ರೆಗೆ ಹೋಗಿ ಕೇಳಿಯೇ ನಿಲ್ಲಿಸುವುದು. ಮಳೆಗಾಲಕ್ಕೆ ಸಂಬಂಧಿಸಿದ ಇನ್ನೊಂದು ಮಾತು: ನಿಮಗೆ ಕೊಟ್ಟಿರುವುದು ಡಾಬಿಗಾಟ್ರಾನ್ ಆಗಿದ್ದರೆ ಅದರ ಕ್ಯಾಪ್ಸೂಲಿಗೆ ತೇವ ಆಗದು, ವಾರದ ಮಾತ್ರೆ ಡಬ್ಬಿಗೆ ಬಿಡಿಸಿ ಹಾಕಿಡದೆ ಅದರ ಮೂಲ ಪೊಟ್ಟಣದಿಂದ ಆಗಾಗಲೇ ತೆಗೆದು ನುಂಗಬೇಕು. ರಿವರಾಕ್ಸಬಾನ್ ಆಗಿದ್ದರೆ ಊಟದ ಜೊತೆಯಲ್ಲಿಯೇ ತೆಗೆದುಕೊಳ್ಳಬೇಕು, ಬರಿ ಹೊಟ್ಟೆಯಲ್ಲಿ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಸೊಂಟನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ; ರಕ್ತಸ್ರಾವವನ್ನೂ ಬಿ.ಪಿ.ಯನ್ನೂ ಎರಡನ್ನೂ ಅವು ಏರಿಸುತ್ತವೆ.

ಇನ್ನು ಅಬ್ಲೇಶನ್ ಆದ ಎರಡು ತಿಂಗಳೊಳಗಿನ ಜ್ವರದ ಬಗ್ಗೆ ಎಲ್ಲರೂ ತಿಳಿದಿರಲೇಬೇಕಾದ ಒಂದು ವಿಷಯವಿದೆ. ಎಡ ಹೃತ್ಕರ್ಣದ ಹಿಂಬದಿಗೇ ಅನ್ನನಾಳ ಅಂಟಿಕೊಂಡಂತೆ ಇರುತ್ತದೆ. ಅತ್ಯಂತ ಅಪರೂಪಕ್ಕೆ, ಅಬ್ಲೇಶನ್ನಿನ ಪೆಟ್ಟು ಅನ್ನನಾಳಕ್ಕೂ ತಗುಲಿ, ವಾರಗಳ ಮೇಲೆ ಎರಡರ ನಡುವೆ ರಂಧ್ರವಾಗುತ್ತದೆ. ಜ್ವರ, ನುಂಗುವಾಗ ನೋವು, ಎದೆನೋವು, ರಕ್ತ ವಾಂತಿ, ಕೈಕಾಲು ಸ್ವಾಧೀನ ತಪ್ಪುವುದು ಅದರ ಲಕ್ಷಣಗಳು. ಹೊತ್ತಿಗೆ ಗುರುತಿಸದಿದ್ದರೆ ಪ್ರಾಣಕ್ಕೇ ಎರವಾಗುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದು ಕಣ್ತಪ್ಪುವುದಕ್ಕೆ ದಾರಿ ಹೆಚ್ಚು, ಏಕೆಂದರೆ ಮಳೆಗಾಲದಲ್ಲಿ ಜ್ವರವೆಂದರೆ ಡೆಂಗಿ ಅಥವಾ ಇಲಿಜ್ವರ, ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಎಂದೇ ಮೊದಲು ಯೋಚಿಸುತ್ತೇವೆ. ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋದರೂ ‘ನನಗೆ ಎಡ ಹೃತ್ಕರ್ಣದ ಅಬ್ಲೇಶನ್ ಆಗಿದೆ, ಇಂಥ ದಿನ’ ಎಂದು ಮೊದಲು ಹೇಳಿ. ನುಂಗಲು ನೋವೆಂದು ಎಂಡೋಸ್ಕೋಪಿಗೆ ಬರೆದರೆ ಒಪ್ಪುವುದಕ್ಕೆ ಮೊದಲು ಬೆಂಗಳೂರಿನ ನಿಮ್ಮ ವೈದ್ಯರೊಂದಿಗೆ ಫೋನಿನಲ್ಲಿ ಮಾತನಾಡಿಸಿ. ಈ ಶಂಕೆ ಇರುವಾಗ ಮಾಡಬೇಕಾದದ್ದು ಎದೆಯ ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿಯಲ್ಲಿ ಅನ್ನನಾಳದೊಳಕ್ಕೆ ಊದುವ ಗಾಳಿ ಅಪಾಯಕ್ಕೆ ದಾರಿಮಾಡುತ್ತದೆ.

ಬೇರೆ ಔಷಧಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೆಮ್ಮಿಗೆಂದು ಜ್ಯೇಷ್ಠಮಧುವನ್ನು ವಾರಗಟ್ಟಲೆ ಅಗಿಯುವುದು, ಕಷಾಯ ಮಾಡಿ ಕುಡಿಯುವುದು ಬೇಡ. ಅದು ರಕ್ತದ ಪೊಟ್ಯಾಸಿಯಂ ಇಳಿಸಿ ಬಿ.ಪಿ. ಏರಿಸುತ್ತದೆ, ಎರಡೂ ಅಡ್ಡಬಡಿತಕ್ಕೆ ಆಹ್ವಾನವೇ. ಲೇಹ, ಚೂರ್ಣ ಏನೇ ತೆಗೆದುಕೊಳ್ಳುತ್ತಿದ್ದರೂ ಮರೆಮಾಚದೆ ಹೇಳಿ. ಅಮಿಯೋಡರೋನ್ ಕೊಟ್ಟಿದ್ದರೆ ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಬೇಕು, ಹಿತ್ತಲಿನ ಚಕ್ಕೋತವನ್ನು ಅದು ಇರುವಷ್ಟು ದಿನ ದೂರವಿಡುವುದು ಕ್ಷೇಮ. ಥೈರಾಯ್ಡ್ ಹೆಚ್ಚಾಗಿದ್ದರೆ ಯಾವ ಅಬ್ಲೇಶನ್ನೂ ನಿಲ್ಲುವುದಿಲ್ಲ, ಆದ್ದರಿಂದ ಆ ಒಂದು ರಕ್ತಪರೀಕ್ಷೆ ಎಲ್ಲರಿಗೂ ಬೇಕು.

ಮರಳಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನಿಮ್ಮ ಬೆರಳಿಗಿಂತ ಅಗ್ಗದ ಉಪಕರಣವಿಲ್ಲ. ಬೆಳಿಗ್ಗೆ, ರಾತ್ರಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಸರಿಯಾದ ನಾಡಿ ಗೋಡೆ ಗಡಿಯಾರದಂತೆ ಬರುತ್ತದೆ. ನಡುವೆ ಒಂದು ಬಡಿತ ತಪ್ಪಿ ಮತ್ತೆ ಸರಿಹೋದರೆ ಅದು ಎಲ್ಲರಲ್ಲಿಯೂ ಆಗುವಂಥದು. ಅಡ್ಡಬಡಿತದ ನಾಡಿ ಹಾಗಲ್ಲ, ಮಳೆ ನಿಂತ ಮೇಲೆ ಹೆಂಚಿನ ಮಾಡಿನಿಂದ ಹನಿ ಬೀಳುವ ಹಾಗೆ: ಎರಡು ಬೇಗ, ಒಂದು ತಡ, ಒಂದು ಜೋರು, ಮತ್ತೊಂದು ಕೈಗೇ ಸಿಗದಷ್ಟು ಮೆಲ್ಲಗೆ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಇನ್ನೊಂದು ಬಗೆಯೂ ಉಂಟು. ಅಬ್ಲೇಶನ್ನಿನ ಕಲೆಗಳ ಸುತ್ತ ವಿದ್ಯುತ್ ಸುತ್ತು ಹಾಕತೊಡಗಿದರೆ ನಾಡಿ ತಾಳ ತಪ್ಪುವುದಿಲ್ಲ, ಆದರೆ ಸುಮ್ಮನೆ ಕುಳಿತಿದ್ದರೂ 130, 150ರಲ್ಲಿ ಕದಲದೆ ಓಡುತ್ತಿರುತ್ತದೆ. ಲಯಬದ್ಧವಾಗಿದೆ ಎಂದು ಅದನ್ನು ಕಡೆಗಣಿಸಬಾರದು. ಮೊದಲು ನಿಮ್ಮ ನಾಡಿ 64ರಷ್ಟಿದ್ದು ಈಗ ವಿಶ್ರಾಂತಿಯಲ್ಲಿ 76, 78 ಇದ್ದರೆ ಅದಕ್ಕೆ ಗಾಬರಿಯಾಗಬೇಡಿ. ಹೃದಯವನ್ನು ನಿಧಾನಿಸುವ ನರಗಳ ಗಂಟುಗಳಿಗೂ ಅಬ್ಲೇಶನ್ ಸ್ವಲ್ಪ ತಗುಲುವುದರಿಂದ ಹೀಗಾಗುತ್ತದೆ, ಕೆಲವರಲ್ಲಿ ಒಂದು ವರ್ಷವಾದರೂ ಹಾಗೇ ಇರುತ್ತದೆ. ಇ.ಸಿ.ಜಿ. ತೆಗೆಯುವ ಕೈಗಡಿಯಾರ ಮಕ್ಕಳು ಕೊಡಿಸಿದ್ದರೆ ಉಪಯೋಗಿಸಿ, ಬಡಿತ ಬಂದ ಹೊತ್ತಿನಲ್ಲಿ ತೆಗೆದು ಆ ಚಿತ್ರವನ್ನು ಕಳಿಸಿ. ಇಲ್ಲದಿದ್ದರೆ ಬಡಿತ ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ತೆಗೆಸಿ, ಅದು ನಿಂತ ಮೇಲೆ ತೆಗೆದ ಹತ್ತು ಇ.ಸಿ.ಜಿ.ಗಳಿಗಿಂತ ಆ ಒಂದು ಕಾಗದಕ್ಕೆ ಬೆಲೆ ಹೆಚ್ಚು. ಬಡಿತದ ಜೊತೆ ಎದೆನೋವು, ಉಸಿರುಗಟ್ಟುವಿಕೆ, ಕಣ್ಣು ಕತ್ತಲೆ ಬಂದರೆ, ಇಲ್ಲವೇ ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ನಾಳೆಗೆ ಬಿಡದೆ 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಎಂಟು ವಾರ ಕಳೆದ ಮೇಲೂ ಬಂದರೆ? ತಾಂತ್ರಿಕವಾಗಿ ಮೂವತ್ತು ಸೆಕೆಂಡಿನ ಅಡ್ಡಬಡಿತ ದಾಖಲಾದರೂ ಮರಳಿತು ಎಂದೇ ಬರೆಯುತ್ತಾರೆ. ಈ ಗೆರೆ ಸಂಶೋಧನೆಗೆ ಸರಿ, ಬದುಕಿಗೆ ತೀರಾ ಬಿಗಿ ಎಂಬುದು ನನ್ನ ಅಭಿಪ್ರಾಯ. ಮೊದಲು ತಿಂಗಳಿಗೆ ನಾಲ್ಕು ಸಲ ಗಂಟೆಗಟ್ಟಲೆ ನರಳುತ್ತಿದ್ದವರಿಗೆ ಈಗ ವರ್ಷಕ್ಕೆ ಎರಡು ಸಲ ಹತ್ತು ನಿಮಿಷ ಬಂದು ಹೋದರೆ ಅದನ್ನು ಸೋಲೆಂದು ನಾನು ಕರೆಯಲಾರೆ. ಮತ್ತೆ ಮತ್ತೆ ಬಂದು ಕಾಡುವುದಾದರೆ ಎರಡನೆಯ ಅಬ್ಲೇಶನ್ನಿನಲ್ಲಿ ಬೇಲಿಯ ಸಂದುಗಳನ್ನು ಹುಡುಕಿ ಮುಚ್ಚುತ್ತಾರೆ. ಹಲವರಿಗೆ ಅದು ಬೇಕಾಗುತ್ತದೆ, ನಾಚಿಕೆಪಡುವಂಥದೇನಿಲ್ಲ. ಅಷ್ಟರೊಳಗೆ ತೂಕ, ಬಿ.ಪಿ., ನಿದ್ರೆ ಸರಿಯಾಗಿದ್ದರೆ ಆ ಎರಡನೆಯ ಕೆಲಸದ ಫಲವೂ ಹೆಚ್ಚು ದಿನ ನಿಲ್ಲುತ್ತದೆ.

ಎಂಟನೆಯ ವಾರದ ಭೇಟಿಗೆ ಹೋಗುವಾಗ ಬಿ.ಪಿ. ಮತ್ತು ನಾಡಿ ಬರೆದ ಪುಸ್ತಕ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪೊಟ್ಟಣಗಳು, ಡಿಸ್ಚಾರ್ಜ್ ಚೀಟಿ ಇಷ್ಟನ್ನು ಕೊಂಡೊಯ್ಯಿರಿ. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಗೊರಕೆಯ ವಿಚಾರವನ್ನು ಅವರೇ ಹೇಳಲಿ; ಗೊರಕೆ ಹೊಡೆಯುವವರು ಯಾರೂ ಇದುವರೆಗೆ ನನ್ನ ಮುಂದೆ ಅದನ್ನು ಒಪ್ಪಿಕೊಂಡಿಲ್ಲ.